ಯಜಮಾನ ಎಂದರೆ ಮೊದಲು ಏಳುವವನು

ಕರಾವಳಿಯ ಹಳೆಯ ಮನೆಗಳಲ್ಲಿ ‘ಯಜಮಾನ’ ಎಂಬ ಶಬ್ದಕ್ಕೆ ಒಂದು ತೂಕವಿದೆ. ಜಗುಲಿಯ ಮೇಲೆ ಕುಳಿತು ಎಲೆ-ಅಡಿಕೆ ಹಾಕುತ್ತ ಮನೆಮಂದಿಗೆಲ್ಲ ಅಪ್ಪಣೆ ಕೊಡಿಸುವವನೇ ಯಜಮಾನ ಎಂದು ಈಗಿನ ಮಕ್ಕಳು ತಿಳಿದಿದ್ದರೆ ಅದು ಅವರ ತಪ್ಪಲ್ಲ. ಸಿನಿಮಾಗಳೂ ಧಾರಾವಾಹಿಗಳೂ ತೋರಿಸಿರುವುದು ಅಂಥ ಯಜಮಾನನನ್ನೇ. ಆದರೆ ಶಬ್ದದ ಮೂಲ ಬೇರೆಯೇ ಕಥೆ ಹೇಳುತ್ತದೆ. ಸಂಸ್ಕೃತದ ‘ಯಜ್’ ಎಂಬ ಧಾತುವಿನಿಂದ ಬಂದ ಮಾತು ಇದು. ಯಜ್ಞ ಮಾಡಿಸುವವನು ಯಜಮಾನ. ಖರ್ಚು ಅವನದು, ವ್ರತ ಅವನದು, ಉಪವಾಸವೂ ಅವನದೇ. ಮಂತ್ರ ಹೇಳಿದವರಿಗೆ ದಕ್ಷಿಣೆ ಸಿಗುತ್ತದೆ, ಬಂದವರಿಗೆಲ್ಲ ಊಟ ಸಿಗುತ್ತದೆ, ಎಲ್ಲರೂ ಉಂಡ ಮೇಲೆ ಯಜಮಾನ ಎಲೆ ಹಾಕಿಸಿಕೊಳ್ಳುತ್ತಾನೆ.

ಯಕ್ಷಗಾನದಲ್ಲಿಯೂ ಇದೇ ಶಬ್ದ ಬಳಕೆಯಲ್ಲಿದೆ. ಮೇಳ ಕಟ್ಟಿ ನಡೆಸುವವನು ಮೇಳದ ಯಜಮಾನ. ಮನೆಯ ಯಜಮಾನಿಕೆ, ಮೇಳದ ಯಜಮಾನಿಕೆ ಎರಡನ್ನೂ ಹೊತ್ತು, ಎರಡಕ್ಕೂ ದೇವರನ್ನು ಸಾಕ್ಷಿಯಾಗಿಟ್ಟುಕೊಂಡು ಬಾಳಿದ ಒಬ್ಬ ಹಿರಿಯರ ಬದುಕು ಉತ್ತರ ಕನ್ನಡದಲ್ಲಿ ಇಂದಿಗೂ ನೆನಪಿನಲ್ಲಿದೆ. ಅವರು ಕೆರೆಮನೆ ಶಿವರಾಮ ಹೆಗಡೆ.

ಮೂರು ತಾಲ್ಲೂಕುಗಳ ನಾಡು

ಭೂಪಟ ಬಿಡಿಸಿ ನೋಡಿದರೆ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳು ಕಡಲ ಅಂಚಿನಲ್ಲಿ ಒಂದರ ಮೇಲೊಂದು ಜೋಡಿಸಿಟ್ಟಂತೆ ಕಾಣುತ್ತವೆ. ಭಟ್ಕಳ ಪೇಟೆಯಿಂದ ಕುಮಟಾ ಪೇಟೆಗೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಸಹ್ಯಾದ್ರಿಯ ಕಾಡು. ನಡುವಿನ ಕಿರಿದಾದ ಪಟ್ಟಿಯಲ್ಲಿ ಭತ್ತದ ಗದ್ದೆ, ತೆಂಗು, ಅಡಿಕೆ ತೋಟ. ಹೊನ್ನಾವರದಲ್ಲಿ ಶರಾವತಿ ಕಡಲು ಸೇರಿದರೆ, ಕುಮಟೆಯ ಉತ್ತರಕ್ಕೆ ಅಘನಾಶಿನಿ ಸೇರುತ್ತದೆ. ಭಟ್ಕಳ ತಾಲ್ಲೂಕಿನ ಮುರ್ಡೇಶ್ವರ, ಹೊನ್ನಾವರ ತಾಲ್ಲೂಕಿನ ಗುಣವಂತೆ, ಕುಮಟಾ ತಾಲ್ಲೂಕಿನ ಧಾರೇಶ್ವರ ಮತ್ತು ಗೋಕರ್ಣ, ಈ ನಾಲ್ಕು ಊರುಗಳನ್ನೂ ಆತ್ಮಲಿಂಗದ ಪುರಾಣಕಥೆ ಒಂದೇ ದಾರದಲ್ಲಿ ಪೋಣಿಸಿದೆ. ರಾವಣನ ಕೈಯಿಂದ ಲಿಂಗವನ್ನು ನೆಲಕ್ಕಿಳಿಸಿದ ಬಾಲಕ ಗಣಪತಿ ಎಂಬುದು ಆ ಕಥೆಯ ಮುಖ್ಯ ಘಟ್ಟ. ಅದೇ ಗಣಪತಿಯ ಇನ್ನೊಂದು ಪ್ರಸಿದ್ಧ ಸ್ಥಾನ ಹೊನ್ನಾವರದಿಂದ ಸುಮಾರು 14 ಕಿಲೋಮೀಟರ್ ದೂರದ ಇಡಗುಂಜಿ. ಇಲ್ಲಿನ ಗಣಪತಿಗೆ ಎರಡೇ ಕೈ, ಮಗುವಿನಂಥ ಗಿಡ್ಡ ಕಾಲು, ನಿಂತಿರುವ ಭಂಗಿ.

ಈ ಮೂರು ತಾಲ್ಲೂಕುಗಳು ಯಕ್ಷಗಾನದ ಬಡಗುತಿಟ್ಟಿಗೆ ಕೊಟ್ಟ ಕಲಾವಿದರು ಒಬ್ಬಿಬ್ಬರಲ್ಲ. ಕರ್ಕಿ, ಕಡತೋಕ, ಚಿಟ್ಟಾಣಿ, ಮೂರೂರು ಎಂಬ ಊರ ಹೆಸರುಗಳು ಕಲಾವಿದರ ಹೆಸರಿನೊಂದಿಗೆ ಅಂಟಿಕೊಂಡು ರಾಜ್ಯವೆಲ್ಲ ತಿರುಗಿವೆ. 2012ರಲ್ಲಿ ಪದ್ಮಶ್ರೀ ಪಡೆದು 2017ರಲ್ಲಿ ತೀರಿಕೊಂಡ ಚಿಟ್ಟಾಣಿ ರಾಮಚಂದ್ರ ಹೆಗಡೆಯವರೂ ಇದೇ ಹೊನ್ನಾವರ ತಾಲ್ಲೂಕಿನವರು. ಊರ ಹೆಸರು ಹೊತ್ತ ಈ ಸಾಲಿನಲ್ಲಿ ಕೆರೆಮನೆಗೆ ವಿಶೇಷ ಸ್ಥಾನವಿದೆ. ಏಕೆಂದರೆ ಅಲ್ಲಿ ಕಲೆ ಒಬ್ಬರ ಕಾಲಕ್ಕೆ ಮುಗಿಯದೆ ಒಂದು ಮನೆತನದ ನಿತ್ಯಕರ್ಮವೇ ಆಗಿ ಬೆಳೆಯಿತು.

1934ರ ಸಂಕಲ್ಪ

ಶಿವರಾಮ ಹೆಗಡೆಯವರು ಹುಟ್ಟಿದ್ದು 1908ರಲ್ಲಿ. ಹೊನ್ನಾವರದಿಂದ ಮುರ್ಡೇಶ್ವರದ ಕಡೆಗೆ ಹೋಗುವಾಗ ಸಿಗುವ ಗುಣವಂತೆಯ ಬಳಿಯ ಕೆರೆಮನೆ ಅವರ ಊರು. 1934ರಲ್ಲಿ, ಅಂದರೆ 26ರ ಹರೆಯದಲ್ಲಿ, ಅವರು ಸ್ವಂತ ಮೇಳವೊಂದನ್ನು ಕಟ್ಟಿದರು. ಮೇಳಕ್ಕೆ ಅವರು ಇಟ್ಟ ಹೆಸರು ‘ಶ್ರೀ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ, ಕೆರೆಮನೆ’. ದೇವರ ಹೆಸರು ಮೊದಲು, ಊರ ಹೆಸರು ಕೊನೆಗೆ. ಕಟ್ಟಿದವರ ಹೆಸರು ಅದರಲ್ಲಿ ಇಲ್ಲವೇ ಇಲ್ಲ.

ಆ ವರ್ಷವನ್ನು ಸ್ವಲ್ಪ ನೆನೆಯಬೇಕು. ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ ಜಿಲ್ಲೆ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಿತ್ತು. ಅದರ ಬೆನ್ನಿಗೇ ಅಂಕೋಲಾ, ಸಿದ್ದಾಪುರಗಳಲ್ಲಿ ನಡೆದ ಕರನಿರಾಕರಣೆಯಲ್ಲಿ ಎಷ್ಟೋ ಮನೆಗಳು ಹೊಲ-ಮನೆ ಜಪ್ತಿಯಾಗಿ ಬೀದಿಗೆ ಬಂದಿದ್ದವು. ಜಗತ್ತಿನ ಎಲ್ಲೆಡೆ ಆರ್ಥಿಕ ಮುಗ್ಗಟ್ಟು ಬಂದು ಬೆಳೆಗೆ ಬೆಲೆಯಿಲ್ಲದ ಕಾಲ ಅದು. ಇಂಥ ಹೊತ್ತಿನಲ್ಲಿ ಹತ್ತಾರು ಜನರ ಹೊಟ್ಟೆಯ ಹೊಣೆ ಹೊತ್ತು ಮೇಳ ಕಟ್ಟುವುದು ಲಾಭದ ಲೆಕ್ಕ ಹಾಕುವವರಿಗೆ ಹೊಳೆಯುವ ಉದ್ಯೋಗವಲ್ಲ.

ಮೇಳ ಎಂದರೆ ವೇಷ ಕಟ್ಟುವವರು ಮಾತ್ರ ಅಲ್ಲ. ಭಾಗವತರು, ಮದ್ದಳೆಯವರು, ಚಂಡೆಯವರು, ಹಾಸ್ಯಗಾರರು, ಪೆಟ್ಟಿಗೆ ಹೊರುವವರು, ಅಡುಗೆಯವರು ಎಲ್ಲ ಸೇರಿದರೆ ಮೇಳ. ದೀಪಾವಳಿ ಕಳೆದು ಗದ್ದೆಯ ಕೆಲಸ ಮುಗಿದ ಮೇಲೆ ಹೊರಟರೆ ಮಳೆಗಾಲ ಹತ್ತಿರ ಬರುವ ತನಕ ತಿರುಗಾಟ. ಊರಿಂದ ಊರಿಗೆ ಕಾಲುನಡಿಗೆ. ಶರಾವತಿಗೆ ಕರಾವಳಿಯ ದಾರಿಯಲ್ಲಿ ಆಗ ಸೇತುವೆ ಇರಲಿಲ್ಲ. ಕುಮಟೆಯ ಕಡೆ ಆಟವಿದ್ದರೆ ಪೆಟ್ಟಿಗೆ, ಕಿರೀಟ, ಚಂಡೆಗಳೊಂದಿಗೆ ದೋಣಿ ಹತ್ತಿ ಹೊಳೆ ದಾಟಬೇಕು. ಇಡೀ ರಾತ್ರಿ ಕುಣಿದವರು ಬೆಳಗಾದ ಮೇಲೆ ಮುಂದಿನ ಊರಿಗೆ ಹೆಜ್ಜೆ ಹಾಕಬೇಕು. ಹಗಲು ಯಾವುದೋ ದೇವಸ್ಥಾನದ ಚಂದ್ರಶಾಲೆಯಲ್ಲೋ ಯಾರದೋ ಮನೆಯ ಮಾಳಿಗೆಯಲ್ಲೋ ನಿದ್ದೆ. ಕೂಲಿ ಕೊಡುವುದು, ಊಟಕ್ಕೆ ಅಕ್ಕಿ ಹೊಂದಿಸುವುದು, ಜ್ವರ ಬಂದವನ ಜಾಗಕ್ಕೆ ಇನ್ನೊಬ್ಬನನ್ನು ಹುಡುಕುವುದು, ಮುನಿಸಿಕೊಂಡವನನ್ನು ಸಮಾಧಾನ ಮಾಡುವುದು ಎಲ್ಲವೂ ಯಜಮಾನನ ಪಾಲಿಗೆ. ಇಷ್ಟೆಲ್ಲ ಮುಗಿಸಿದ ಮೇಲೆ ಅವನೂ ಮುಖಕ್ಕೆ ಬಣ್ಣ ಹಚ್ಚಿ ವೇಷ ಕಟ್ಟಬೇಕು. ಶಿವರಾಮ ಹೆಗಡೆಯವರು ಅಂಥ ಯಜಮಾನ. ಮೇಳ ನಡೆಸುವವರೂ ಅವರೇ, ಮೇಳದ ಪ್ರಮುಖ ವೇಷಧಾರಿಯೂ ಅವರೇ.

ಚೌಕಿಯ ದೀಪ

ಯಕ್ಷಗಾನ ನೋಡಿದವರೆಲ್ಲ ರಂಗಸ್ಥಳವನ್ನು ನೋಡಿರುತ್ತಾರೆ. ಚೌಕಿಯನ್ನು ನೋಡಿದವರು ಕಡಿಮೆ. ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟಿಕೊಳ್ಳುವ ಜಾಗವೇ ಚೌಕಿ. ಅಲ್ಲಿ ಮೊದಲು ಕುಳಿತುಕೊಳ್ಳುವವನು ಗಣಪತಿ. ಮೇಳದ ದೇವರ ಪೆಟ್ಟಿಗೆ ಬಿಚ್ಚಿ, ದೀಪ ಹಚ್ಚಿ, ಪೂಜೆಯಾದ ಮೇಲೆಯೇ ಆಟದ ಸಿದ್ಧತೆ. ಉಳಿದವರಿಗೆ ಕುಳಿತುಕೊಳ್ಳುವ ಜಾಗಗಳು ಗೊತ್ತಾಗಿವೆ. ಇಂಥ ವೇಷದವರು ಇಂಥ ಕಡೆ ಎಂಬ ಕ್ರಮವಿದೆ. ಎಷ್ಟು ದೊಡ್ಡ ಕಲಾವಿದನಾದರೂ ರಂಗಕ್ಕೆ ಹೋಗುವ ಮುನ್ನ ಆ ದೀಪಕ್ಕೆ ಕೈ ಮುಗಿದು ಹೋಗಬೇಕು. ಬೆಳಗಿನ ಜಾವ ಮಂಗಳದ ಪದ್ಯ ಹಾಡುತ್ತ ಭಾಗವತರು ಮತ್ತೆ ಚೌಕಿಗೆ ಬಂದು ಅದೇ ದೀಪದ ಎದುರು ಆಟ ಮುಗಿಸುತ್ತಾರೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮನೆಯಲ್ಲಿ ಪೂಜೆ ಮಾಡುವ ಯಜಮಾನ ಪೂಜೆ ಮುಗಿಸಿ ಎದ್ದು ಕೆಲಸಕ್ಕೆ ಹೋಗುತ್ತಾನೆ. ಪೂಜೆಯೇ ಬೇರೆ, ಕೆಲಸವೇ ಬೇರೆ. ಮೇಳದಲ್ಲಿ ಹಾಗಲ್ಲ. ದೀಪ ಹಚ್ಚಿದಾಗ ಶುರುವಾದ ಪೂಜೆ ಬೆಳಗಿನ ಮಂಗಳದವರೆಗೂ ನಡೆಯುತ್ತಲೇ ಇರುತ್ತದೆ. ನಡುವಿನ ಎಂಟು-ಒಂಬತ್ತು ಗಂಟೆಗಳ ಕುಣಿತ, ಮಾತು, ಬೆವರು ಎಲ್ಲವೂ ಅದರೊಳಗೇ ಸೇರಿವೆ. ಭಕ್ತರು ಹರಕೆ ಹೊತ್ತು ಆಡಿಸುವ ಆಟಕ್ಕೆ ‘ಸೇವೆ’ ಎಂದೇ ಹೆಸರು. ಕಾಲಿಗೆ ಗೆಜ್ಜೆ ಕಟ್ಟಿ ದೇವರೆದುರು ಕುಣಿಯುವುದೂ ಗೆಜ್ಜೆಸೇವೆ. ದೇವರ ಹೆಸರು ಹೊತ್ತ ಮೇಳದವನು ಅರೆಮನಸ್ಸಿನಿಂದ ಕುಣಿದರೆ ಅದು ಪ್ರೇಕ್ಷಕರಿಗೆ ಮಾತ್ರ ಮಾಡಿದ ಮೋಸವಲ್ಲ, ಸೇವೆಯಲ್ಲಿ ಮಾಡಿದ ಲೋಪ.

ಶಿವರಾಮ ಹೆಗಡೆಯವರ ದೈವಭಕ್ತಿಯನ್ನು ಅಳೆಯಬೇಕಾದದ್ದು ಈ ಅಳತೆಗೋಲಿನಿಂದ. ಮೇಳಕ್ಕೆ ಇಡಗುಂಜಿ ಗಣಪತಿಯ ಹೆಸರಿಟ್ಟದ್ದೊಂದೇ ಭಕ್ತಿಯಲ್ಲ. ಆ ಹೆಸರಿಗೆ ಕುಂದು ಬಾರದಂತೆ ರಾತ್ರಿ ರಾತ್ರಿ ದುಡಿದದ್ದು ಭಕ್ತಿ.

ಬಣ್ಣ, ಬೆಳಕು, ಬೆವರು

ವಿಜ್ಞಾನ ಓದುವ ವಿದ್ಯಾರ್ಥಿಗಳು ಈ ದುಡಿಮೆಯನ್ನು ಇನ್ನೊಂದು ಕಡೆಯಿಂದಲೂ ನೋಡಬಹುದು.

ಮೊದಲು ಬಣ್ಣ. ಹಿಂದಿನ ಕಾಲದ ಮುಖವರ್ಣಿಕೆಯಲ್ಲಿ ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಕಪ್ಪಿಗೆ ದೀಪದ ಕಾಡಿಗೆ. ಅರದಾಳವೆಂದರೆ ಆರ್ಸೆನಿಕ್ ಮತ್ತು ಗಂಧಕ ಸೇರಿದ ಖನಿಜ. ಇಂಗಳೀಕವೆಂದರೆ ಪಾದರಸ ಮತ್ತು ಗಂಧಕ ಸೇರಿದ್ದು. ಎರಡೂ ದೇಹಕ್ಕೆ ಒಳ್ಳೆಯವಲ್ಲ. ಇವುಗಳನ್ನು ಎಣ್ಣೆಯಲ್ಲಿ ಕಲಸಿ ವರ್ಷಕ್ಕೆ ಹಲವು ತಿಂಗಳು ಮುಖಕ್ಕೆ ಬಳಿದುಕೊಂಡು ಕುಣಿದವರು ಆ ತಲೆಮಾರಿನ ಕಲಾವಿದರು. ಇಂದು ಅಂಗಡಿಯಲ್ಲಿ ಸಿಗುವ ಬಣ್ಣಗಳು ಬಂದಿವೆ. ಅಂದು ಅದೊಂದು ದಾರಿಯೂ ಇರಲಿಲ್ಲ.

ಇನ್ನು ಬೆಳಕು. ಮೊದಲ ದಿನಗಳಲ್ಲಿ ರಂಗಸ್ಥಳಕ್ಕೆ ದೊಂದಿ, ದೀಪಗಳ ಬೆಳಕು. ಆಮೇಲೆ ಗ್ಯಾಸ್‌ಲೈಟು ಬಂತು. ಅದರೊಳಗಿನ ರೇಷ್ಮೆಯಂಥ ಚೀಲ ಕಾದು ಬೆಳ್ಳಗೆ ಹೊಳೆಯುವುದಕ್ಕೆ ಥೋರಿಯಂ, ಸೀರಿಯಂ ಧಾತುಗಳ ಆಕ್ಸೈಡ್ ಕಾರಣ. ಶರಾವತಿಯ ನೀರಿನಿಂದ ಜೋಗದಲ್ಲಿ ವಿದ್ಯುತ್ ತಯಾರಾದದ್ದು 1940ರ ದಶಕದ ಕೊನೆಯಲ್ಲಿ. ಅದೇ ನದಿ ಕಡಲು ಸೇರುವ ಕಡೆಯ ಹಳ್ಳಿಗಳಿಗೆ ಆ ಬೆಳಕು ಮುಟ್ಟಲು ಮತ್ತೂ ವರ್ಷಗಳು ಬೇಕಾದವು. ಬೆಂಕಿಯ ಬೆಳಕಿನಲ್ಲಿ ಕೆಂಪು, ಹಳದಿ ಕಿರಣಗಳೇ ಹೆಚ್ಚು, ನೀಲಿ ಬಹಳ ಕಡಿಮೆ. ಆದ್ದರಿಂದ ಆ ಬೆಳಕಿನಲ್ಲಿ ನೀಲಿ ವಸ್ತು ಮಂಕಾಗಿ ಕಾಣುತ್ತದೆ, ಕೆಂಪು ಮತ್ತು ಹೊನ್ನಿನ ಬಣ್ಣ ಉಜ್ವಲವಾಗುತ್ತದೆ. ಬಡಗುತಿಟ್ಟಿನ ವೇಷದಲ್ಲಿ ಕೆಂಪು-ಹಳದಿ ಚೌಕುಳಿಯ ಕಸೆ ಸೀರೆ, ಹಗುರ ಮರದ ಮೇಲೆ ಹೊನ್ನಿನ ಬೇಗಡೆ ಅಂಟಿಸಿ ಕನ್ನಡಿ ಚೂರು ಕೂರಿಸಿದ ಭುಜಕೀರ್ತಿ, ಎದೆಪದಕಗಳು ಏಕೆ ಅಷ್ಟು ಶೋಭಿಸುತ್ತವೆ ಎಂಬುದು ಇದರಿಂದ ತಿಳಿಯುತ್ತದೆ. ಪುಸ್ತಕ ಓದದೆಯೂ ಹಿರಿಯರು ಕಣ್ಣಿನಿಂದ ಕಲಿತ ದ್ಯುತಿಶಾಸ್ತ್ರ ಇದು.

ಚಂಡೆಯ ಸದ್ದು ರಾತ್ರಿ ಬಹುದೂರ ಕೇಳುವುದಕ್ಕೂ ಕಾರಣವಿದೆ. ಹಗಲು ನೆಲ ಕಾದು ಅದರ ಮೇಲಿನ ಗಾಳಿಯೂ ಬಿಸಿಯಾಗುವುದರಿಂದ ಶಬ್ದದ ಅಲೆಗಳು ಮೇಲಕ್ಕೆ ಬಾಗಿ ಹೋಗುತ್ತವೆ. ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಮೇಲಿನ ಗಾಳಿ ಬೆಚ್ಚಗೆ ಉಳಿದಾಗ ಅಲೆಗಳು ಕೆಳಕ್ಕೆ ಬಾಗಿ ನೆಲದ ಗುಂಟ ಸಾಗುತ್ತವೆ. ಆ ಸದ್ದು ಕೇಳಿಯೇ ಸುತ್ತಲಿನ ಹಳ್ಳಿಗಳ ಜನ ತೆಂಗಿನ ಗರಿಯ ಸೂಡಿ ಹೊತ್ತಿಸಿಕೊಂಡು ಗದ್ದೆಯ ಹಾಳಿಯ ಮೇಲೆ ಸಾಲಾಗಿ ಆಟಕ್ಕೆ ಬರುತ್ತಿದ್ದರು.

ಕೊನೆಯದಾಗಿ ಬೆವರು. ಬೆವರು ಆವಿಯಾದರೆ ಮಾತ್ರ ಮೈ ತಂಪಾಗುತ್ತದೆ. ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ಹೆಚ್ಚು. ಅದರ ಮೇಲೆ ಪದರ ಪದರವಾಗಿ ಬಟ್ಟೆ, ತಲೆಗೆ ಬಿಗಿದು ಕಟ್ಟಿದ ಮುಂಡಾಸು, ಎದೆಗೆ ಭುಜಕ್ಕೆ ಆಭರಣದ ಕಟ್ಟು. ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ. ಈ ಸ್ಥಿತಿಯಲ್ಲಿ ದಿಗಿಣ ಹಾಕಿ, ಏದುಸಿರು ಬಿಡದೆ ಅರ್ಥ ಹೇಳಬೇಕು. ಯಕ್ಷಗಾನದ ಮಾತು ಬರೆದಿಟ್ಟದ್ದಲ್ಲ. ಪದ್ಯ ಮಾತ್ರ ಪ್ರಸಂಗಪುಸ್ತಕದಲ್ಲಿ ಇರುತ್ತದೆ. ಅರ್ಥವನ್ನು ಪಾತ್ರಧಾರಿ ಅಲ್ಲಿಯೇ ಕಟ್ಟಬೇಕು. ರಾಮಾಯಣ, ಮಹಾಭಾರತ, ಭಾಗವತಗಳು ನಾಲಿಗೆಯ ತುದಿಯಲ್ಲಿ ಇದ್ದರೆ ಮಾತ್ರ ಅದು ಸಾಧ್ಯ. ಹೀಗೆ ದೇಹದ ದುಡಿಮೆ, ಬುದ್ಧಿಯ ದುಡಿಮೆ ಎರಡನ್ನೂ ಒಂದೇ ರಾತ್ರಿ ಕೇಳುವ ಕಲೆ ಇದು.

ಭಾಗವತರ ಎದುರು

ಯಜಮಾನಿಕೆಯ ಬಗ್ಗೆ ಯಕ್ಷಗಾನ ಕಲಿಸುವ ದೊಡ್ಡ ಪಾಠ ಇನ್ನೊಂದಿದೆ. ರಂಗಸ್ಥಳದಲ್ಲಿ ಭಾಗವತನೇ ಮೊದಲನೆಯ ವೇಷ ಎಂಬ ಮಾತು ಬಳಕೆಯಲ್ಲಿದೆ. ಪದ್ಯ ಯಾವಾಗ ಎತ್ತಬೇಕು, ಎಲ್ಲಿ ಬೆಳೆಸಬೇಕು, ಯಾವ ದೃಶ್ಯವನ್ನು ಚಿಕ್ಕದು ಮಾಡಬೇಕು ಎಂಬುದನ್ನೆಲ್ಲ ತೀರ್ಮಾನಿಸುವವರು ಅವರು. ವೇಷಧಾರಿ ಎಷ್ಟೇ ಹೆಸರಾದವನಿರಲಿ, ಅವರ ಜಾಗಟೆಯ ಪೆಟ್ಟಿಗೆ ಹೆಜ್ಜೆ ಹಾಕಬೇಕು. ಕೌರವನಾಗಿ ಸಿಂಹಾಸನದ ಮೇಲೆ ಕುಳಿತವನೂ ಪದ್ಯ ಮುಗಿಯುವ ತನಕ ಕಾಯಬೇಕು.

ಮೇಳದ ಯಜಮಾನನೇ ವೇಷಧಾರಿಯಾಗಿದ್ದರೆ? ಚೌಕಿಯ ಹೊರಗೆ ಭಾಗವತರಿಗೆ ಸಂಬಳ ಕೊಡುವವನು ಅವನು. ರಂಗದ ಮೇಲೆ ಅವರ ಮಾತು ಕೇಳಬೇಕಾದವನೂ ಅವನೇ. ಬೆಳಗಾದರೆ ಮತ್ತೆ ಯಜಮಾನ. ಹೀಗೆ ದಿನವೂ ತಾನು ಮೇಲು, ದಿನವೂ ತಾನು ಅಧೀನ. ಈ ಕ್ರಮದಲ್ಲಿ ದಶಕಗಟ್ಟಲೆ ದುಡಿದವನಿಗೆ ಅಧಿಕಾರದ ಅಳತೆ ಚೆನ್ನಾಗಿ ಗೊತ್ತಿರುತ್ತದೆ. ಕೆಲಸ ಗೊತ್ತಿದ್ದವನ ಮಾತನ್ನು ಕೇಳುವುದರಲ್ಲಿ ಯಜಮಾನಿಕೆಗೆ ಕುಂದಿಲ್ಲ ಎಂಬುದನ್ನು ಮನೆಯ ಹಿರಿಯರೂ ಇಲ್ಲಿಂದ ಕಲಿಯಬಹುದು. ಮಕ್ಕಳಿಗೆ ತಮಗಿಂತ ಹೆಚ್ಚು ತಿಳಿದಿರುವ ವಿಷಯ ಬಂದಾಗಲೂ ‘ನಾನು ಹೇಳಿದ್ದೇ ಸರಿ’ ಎಂದು ಹಟ ಹಿಡಿಯುವ ಅಪ್ಪಂದಿರು ಒಮ್ಮೆ ಭಾಗವತರ ಎದುರು ನಿಂತ ಯಜಮಾನನನ್ನು ನೆನೆದರೆ ಒಳ್ಳೆಯದು.

ಹೆಸರು ಬಾರದ ದುಡಿಮೆ

ಹಿರಿಯರ ಬದುಕನ್ನು ಕೊಂಡಾಡುವಾಗ ಮರೆತುಹೋಗುವ ಒಂದು ಪಾಲು ಇದೆ. ಗಂಡಸರು ವರ್ಷದ ಆರು ತಿಂಗಳು ಮೇಳದ ಜೊತೆ ತಿರುಗುವಾಗ ಮನೆ ನಡೆಸಿದವರು ಯಾರು? ಕೊಟ್ಟಿಗೆಯ ದನ, ತೋಟಕ್ಕೆ ನೀರು, ಕೂಲಿಯಾಳುಗಳ ಊಟ, ಮಕ್ಕಳ ಶಾಲೆ, ವೃದ್ಧರ ಔಷಧ, ಬಂದ ನೆಂಟರ ಉಪಚಾರ, ದೇವರ ದೀಪ ಇವು ಯಾವುವೂ ಆರು ತಿಂಗಳು ಕಾಯುವುದಿಲ್ಲ. ಯಕ್ಷಗಾನ ಕಲಾವಿದರ ಮನೆಗಳಲ್ಲಿ ಇವನ್ನೆಲ್ಲ ಹೊತ್ತವರು ಹೆಂಗಸರು. ಬೆಳಗಿನ ಜಾವ ಆಟ ಮುಗಿಸಿ ಬರುವವರಿಗೆ ಒಲೆ ಹೊತ್ತಿಸಿ ಬಿಸಿನೀರು ಕಾಯಿಸಿಟ್ಟವರೂ ಅವರೇ. ಕರಪತ್ರದಲ್ಲಿ ಅವರ ಹೆಸರು ಬರಲಿಲ್ಲ. ಪ್ರಶಸ್ತಿಪತ್ರದಲ್ಲಿಯೂ ಬರಲಿಲ್ಲ. ಮನೆಯ ಯಜಮಾನ ಮೇಳದ ಯಜಮಾನನಾಗಿ ಹೊರಟ ದಿನದಿಂದ ಮನೆಯ ಯಜಮಾನಿಕೆ ನಿಜವಾಗಿ ಒಳಮನೆಗೆ ಸೇರುತ್ತದೆ. ಇದನ್ನು ಹೇಳದೆ ಯಾವ ಕಲಾವಿದನ ಮನೆತನದ ಚರಿತ್ರೆಯೂ ಪೂರ್ತಿಯಾಗದು.

ಆಸ್ತಿ ಯಾವುದು?

1970ರ ಸಾಲಿನ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಶಿವರಾಮ ಹೆಗಡೆಯವರಿಗೆ ಬಂತು. ಯಕ್ಷಗಾನ ಕಲಾವಿದರಲ್ಲಿ ಆ ಗೌರವ ಪಡೆದ ಮೊದಲಿಗರೆಂದು ಅವರನ್ನು ನೆನೆಯುತ್ತಾರೆ. ಮೇಳ ಕಟ್ಟಿ 36 ವರ್ಷಗಳಾಗಿದ್ದವು, ಅವರಿಗೆ 62. ಬಯಲಾಟ ಎಂದರೆ ಹಳ್ಳಿಯವರು ರಾತ್ರಿ ಕಳೆಯುವ ಬಗೆ ಎಂದಷ್ಟೇ ತಿಳಿದಿದ್ದ ಪೇಟೆಯ ಜನರೂ ಆಗ ತಿರುಗಿ ನೋಡುವಂತಾಯಿತು. 1990ರ ದಶಕದ ಆರಂಭದಲ್ಲಿ ಅವರು ತೀರಿಕೊಂಡರು.

ಅವರು ಬಿಟ್ಟುಹೋದ ಆಸ್ತಿ ಯಾವುದು ಎಂದು ಕೇಳಿದರೆ ಉತ್ತರ ಮಕ್ಕಳು-ಮೊಮ್ಮಕ್ಕಳ ಬದುಕಿನಲ್ಲಿ ಸಿಗುತ್ತದೆ. ಮಕ್ಕಳಾದ ಶಂಭು ಹೆಗಡೆ ಮತ್ತು ಗಜಾನನ ಹೆಗಡೆ ಇಬ್ಬರೂ ಯಕ್ಷಗಾನದಲ್ಲಿ ಹೆಸರು ಮಾಡಿದರು. ಶಂಭು ಹೆಗಡೆಯವರು ನಾಯಕ ಪಾತ್ರಗಳಲ್ಲಿ, ಗಜಾನನ ಹೆಗಡೆಯವರು ಸ್ತ್ರೀವೇಷದಲ್ಲಿ. ಅದೇ ಮನೆತನದ ಮಹಾಬಲ ಹೆಗಡೆಯವರು ಹಾಡು, ಕುಣಿತ, ಮಾತು ಮೂರೂ ಕೂಡಿದ ಕಲಾವಿದರೆಂದು ಪ್ರಸಿದ್ಧರಾದರು.

ಇವರಲ್ಲಿ 1938ರಲ್ಲಿ ಹುಟ್ಟಿದ ಶಂಭು ಹೆಗಡೆಯವರ ದಾರಿ ತಂದೆ-ತಾಯಂದಿರು ವಿಶೇಷವಾಗಿ ಗಮನಿಸಬೇಕಾದದ್ದು. ಅವರು ತಂದೆಯ ವೇಷವನ್ನು ಹಾಗೆಯೇ ನಕಲು ಮಾಡುತ್ತ ಊರಿನಲ್ಲೇ ಉಳಿಯಲಿಲ್ಲ. ದೆಹಲಿಗೆ ಹೋಗಿ ಪ್ರಸಿದ್ಧ ನೃತ್ಯ ಗುರು ಮಾಯಾರಾವ್ ಅವರಲ್ಲಿ ನೃತ್ಯ ಸಂಯೋಜನೆ ಕಲಿತರು. ಬೇರೆ ಪ್ರಕಾರದ ಕಲೆಗಳನ್ನು ಕಣ್ಣಾರೆ ಕಂಡರು. ಕಲಿತು ಮರಳಿ ಬಂದದ್ದು ಅದೇ ಮಂಡಳಿಗೆ. ರಾತ್ರಿಯಿಡೀ ನಡೆಯುವ ಆಟವನ್ನು ಎರಡೂವರೆ-ಮೂರು ಗಂಟೆಯ ಹದಕ್ಕೆ ತಂದು, ಮಾತು-ಕುಣಿತಗಳಲ್ಲಿ ಅತಿರೇಕ ಬಾರದಂತೆ ಔಚಿತ್ಯಕ್ಕೆ ಒತ್ತು ಕೊಟ್ಟು, ಹೊಸ ಊರುಗಳ ಹೊಸ ಪ್ರೇಕ್ಷಕರ ಮುಂದೆ ಇಟ್ಟರು. 1980ರ ದಶಕದಲ್ಲಿ ಗುಣವಂತೆಯಲ್ಲಿ ‘ಶ್ರೀಮಯ’ ಎಂಬ ಯಕ್ಷಗಾನ ಶಿಕ್ಷಣ ಕೇಂದ್ರ ತೆರೆದರು. ಅಲ್ಲಿಗೆ ಕಲಿಯಲು ಬಂದವರು ಕೆರೆಮನೆಯ ಮಕ್ಕಳಷ್ಟೇ ಅಲ್ಲ. ಮನೆತನದ ವಿದ್ಯೆ ಮನೆಯ ಹೊಸಿಲು ದಾಟಿತು. 2004ರ ಸಾಲಿನಲ್ಲಿ, ತಂದೆಗೆ ಸಂದಿದ್ದ ಅಕಾಡೆಮಿ ಪ್ರಶಸ್ತಿ ಮಗನಿಗೂ ಸಂದಿತು.

2009ರ ಫೆಬ್ರವರಿ. ಇಡಗುಂಜಿಯಲ್ಲಿ ಆಟ. ಪ್ರಸಂಗ ಲವಕುಶ. ಶಂಭು ಹೆಗಡೆಯವರದು ರಾಮನ ವೇಷ. ಆ ಆಟದಲ್ಲಿ ಅಸ್ವಸ್ಥರಾದ ಅವರು ಮತ್ತೆ ಚೇತರಿಸಿಕೊಳ್ಳಲಿಲ್ಲ. ಯಾವ ದೇವರ ಹೆಸರಿನಲ್ಲಿ 75 ವರ್ಷಗಳ ಹಿಂದೆ ತಂದೆ ಮೇಳ ಕಟ್ಟಿದ್ದರೋ ಅದೇ ದೇವರ ಸನ್ನಿಧಿಯಲ್ಲಿ ಮಗನ ಕೊನೆಯ ವೇಷವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಮಹಾಬಲ ಹೆಗಡೆಯವರೂ ತೀರಿಕೊಂಡರು. ಒಂದೇ ವರ್ಷದಲ್ಲಿ ಎರಡು ಕಂಬ ಮುರಿದಂತಾಯಿತು.

ಎಷ್ಟೋ ಮೇಳಗಳು ಇಂಥ ಹೊಡೆತಕ್ಕೆ ನಿಂತುಹೋಗಿವೆ. ಕೆರೆಮನೆ ಮೇಳ ನಿಲ್ಲಲಿಲ್ಲ. ಶಂಭು ಹೆಗಡೆಯವರ ಮಗ ಶಿವಾನಂದ ಹೆಗಡೆಯವರು ಮಂಡಳಿಯ ಹೊಣೆ ಹೊತ್ತು ಮುಂದುವರಿಸಿದರು. ಗುಣವಂತೆಯಲ್ಲಿ ತಂದೆಯ ಹೆಸರಿನ ರಾಷ್ಟ್ರೀಯ ನಾಟ್ಯೋತ್ಸವ ನಡೆಸಿಕೊಂಡು ಬಂದರು. ದೇಶದ ಬೇರೆ ಬೇರೆ ಭಾಗಗಳ ಕಲಾವಿದರು ಈ ಚಿಕ್ಕ ಊರಿಗೆ ಬಂದು ಪ್ರದರ್ಶನ ಕೊಡುವಂತಾಯಿತು. ನಾಲ್ಕನೆಯ ತಲೆಮಾರೂ ಗೆಜ್ಜೆ ಕಟ್ಟಿದೆ. 1934ರಲ್ಲಿ ಇಟ್ಟ ಹೆಸರು 90 ವರ್ಷ ದಾಟಿದೆ.

ಅಭ್ಯಾಸವೆಂಬ ಪಾಲುಪಟ್ಟಿ

ತೋಟ-ಗದ್ದೆಗಳನ್ನು ಮಕ್ಕಳಿಗೆ ಹಂಚಿದರೆ ಒಂದೊಂದು ತಲೆಮಾರಿಗೆ ಒಬ್ಬೊಬ್ಬರ ಪಾಲು ಚಿಕ್ಕದಾಗುತ್ತ ಹೋಗುತ್ತದೆ. ಉತ್ತರ ಕನ್ನಡದ ಎಷ್ಟೋ ಕೂಡುಮನೆಗಳು ಪಾಲಾಗಿ, ಮಕ್ಕಳು ಬೆಂಗಳೂರು, ಮುಂಬಯಿ, ಪರದೇಶ ಸೇರಿ, ದೊಡ್ಡ ಜಗುಲಿಗಳಲ್ಲಿ ಇಬ್ಬರೇ ಮುದುಕರು ಉಳಿದಿದ್ದಾರೆ. ಇದಕ್ಕೆ ಯಾರನ್ನೂ ದೂರುವಂತಿಲ್ಲ. ಓದಿದ ಮಕ್ಕಳು ಕೆಲಸ ಇದ್ದಲ್ಲಿಗೆ ಹೋಗಲೇಬೇಕು. ಆದರೆ ಪಾಲು ಮಾಡಿದರೂ ಚಿಕ್ಕದಾಗದ ಆಸ್ತಿಯೊಂದಿದೆ. ಹೊತ್ತಿಗೆ ಸರಿಯಾಗಿ ಏಳುವುದು, ಒಪ್ಪಿಕೊಂಡ ಕೆಲಸವನ್ನು ನೋಡುವವರು ಇಲ್ಲದಾಗಲೂ ಪೂರ್ತಿ ಮಾಡುವುದು, ತನ್ನ ಕೆಳಗೆ ದುಡಿಯುವವರ ಊಟ ಆಯಿತೇ ಎಂದು ಕೇಳಿ ಉಣ್ಣುವುದು, ಫಲ ಬಂದಾಗ ಅದನ್ನು ತನ್ನ ಹೆಸರಿಗೆ ಬರೆದುಕೊಳ್ಳದಿರುವುದು. ಇವನ್ನು ಎಷ್ಟು ಮಕ್ಕಳಿಗೆ ಹಂಚಿದರೂ ಪ್ರತಿಯೊಬ್ಬರಿಗೂ ಪೂರ್ತಿಯೇ ಸಿಗುತ್ತದೆ.

ಇದು ಉಪದೇಶದಿಂದ ದಾಟುವಂಥದ್ದಲ್ಲ. ಚೌಕಿಯಲ್ಲಿ ಬೆಳೆಯುವ ಹುಡುಗ ಮೊದಲು ಕಲಿಯುವುದು ಕುಣಿತವನ್ನಲ್ಲ. ಹಿರಿಯರು ಬಣ್ಣ ಹಚ್ಚುವುದನ್ನು ನೋಡುತ್ತಾನೆ, ಗೆಜ್ಜೆ ಎತ್ತಿಕೊಡುತ್ತಾನೆ, ನಿದ್ದೆ ಬಂದರೂ ಎದ್ದು ಕೂರುತ್ತಾನೆ. ಮುಂದೆ ಕೋಡಂಗಿ, ಬಾಲಗೋಪಾಲರಾಗಿ ರಂಗಕ್ಕೆ ಬಂದು ಹೆಜ್ಜೆ ತಪ್ಪಿಸಿ ಬೈಸಿಕೊಳ್ಳುತ್ತಾನೆ. ದೊಡ್ಡ ವೇಷ ಸಿಗುವುದು ಎಷ್ಟೋ ವರ್ಷಗಳ ಮೇಲೆ. ಮನೆಯಲ್ಲಿಯೂ ಅಷ್ಟೇ. ಟೀವಿಯ ಎದುರು ಕುಳಿತ ಅಪ್ಪ ‘ಹೋಗಿ ಓದು’ ಎಂದರೆ ಮಗು ಓದುವುದಿಲ್ಲ, ಟೀವಿ ನೋಡುವುದನ್ನು ಕಲಿಯುತ್ತದೆ.

ಮಕ್ಕಳು ತಂದೆಯ ಕೆಲಸವನ್ನೇ ಮಾಡಬೇಕೆಂಬ ಹಟವೂ ಬೇಡ. ಶಂಭು ಹೆಗಡೆಯವರಂತೆ ದೂರದ ಊರಿಗೆ ಹೋಗಿ ಕಲಿತವರೇ ಹಳೆಯದನ್ನು ಹೊಸ ಕಾಲಕ್ಕೆ ಒಗ್ಗಿಸಬಲ್ಲರು. ಡಾಕ್ಟರಾಗಲಿ, ಎಲೆಕ್ಟ್ರಿಷಿಯನ್ ಆಗಲಿ, ಮೀನುಗಾರಿಕೆಯ ದೋಣಿ ನಡೆಸುವವರಾಗಲಿ, ಅಜ್ಜನ ಕೆಲಸ ಬಿಟ್ಟರೂ ಅಜ್ಜನ ಕೆಲಸದ ರೀತಿಯನ್ನು ಬಿಡಬೇಕಾಗಿಲ್ಲ.

ಈ ಅಂಕಣ ಓದುವ ವಿದ್ಯಾರ್ಥಿಗಳಿಗೆ ಒಂದು ಚಿಕ್ಕ ಕೆಲಸ. ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ ಒಂದು ನೋಟ್‌ಬುಕ್ ಹಿಡಿದು ಅವರ ಹತ್ತಿರ ಕುಳಿತುಕೊಳ್ಳಿ. ಅವರ ಹರೆಯದಲ್ಲಿ ದಿನ ಎಷ್ಟು ಹೊತ್ತಿಗೆ ಶುರುವಾಗುತ್ತಿತ್ತು, ಯಾವ ಕೆಲಸಕ್ಕೆ ಎಷ್ಟು ಕೂಲಿ, ಯಾವ ಹೊಳೆಯನ್ನು ಹೇಗೆ ದಾಟುತ್ತಿದ್ದರು, ಮೊದಲು ನೋಡಿದ ಆಟ ಯಾವುದು, ಯಾರ ವೇಷ ಎಂದು ಕೇಳಿ ಬರೆದುಕೊಳ್ಳಿ. ಇಸವಿ ನೆನಪಿಲ್ಲದಿದ್ದರೆ ‘ಆ ದೊಡ್ಡ ನೆರೆ ಬಂದ ವರ್ಷ’, ‘ಸೇತುವೆ ಆದ ವರ್ಷ’ ಎಂದು ಹೇಳುತ್ತಾರೆ. ಹಾಗೆಯೇ ಬರೆದುಕೊಳ್ಳಿ, ಇಸವಿಯನ್ನು ಆಮೇಲೆ ಹುಡುಕಬಹುದು. ಅಜ್ಜನನ್ನು ಕೇಳಿದ ಪ್ರಶ್ನೆಗಳನ್ನೇ ಅಜ್ಜಿಗೂ ಕೇಳಿ. ಉತ್ತರಗಳು ಬೇರೆಯಾಗಿರುತ್ತವೆ, ಎರಡೂ ಸತ್ಯವಾಗಿರುತ್ತವೆ. ಮುಂದಿನ ರಜೆಯಲ್ಲಿ ಹೊನ್ನಾವರದ ಕಡೆ ಹೋಗುವುದಾದರೆ ಇಡಗುಂಜಿಯ ಗಣಪತಿಯನ್ನು ನೋಡಿ, ಗುಣವಂತೆಯಲ್ಲಿ ಆಟವಿದ್ದರೆ ಒಂದು ಗಂಟೆ ಮೊದಲೇ ಹೋಗಿ. ಒಪ್ಪಿಗೆ ಕೇಳಿ ಚೌಕಿಯ ಬಾಗಿಲಲ್ಲಿ ಸದ್ದಿಲ್ಲದೆ ನಿಂತು, ದೀಪ ಹಚ್ಚುವವರು ಯಾರು, ಮೊದಲು ಬಂದು ಕುಳಿತವರು ಯಾರು ಎಂದು ನೋಡಿ.